ಅಂಗಳದ ಮನಸ್ಸು: ಕೇಳಿಸದಿದ್ದರೆ ಆತಂಕವೂ ಇರುವುದಿಲ್ಲವೇ?

ಕಿವುಡ ಕ್ರೀಡಾಪಟುಗಳ ಮಾನಸಿಕ ತರಬೇತಿಯ ಬಗ್ಗೆ ಬಂದ ಪತ್ರಗಳಿಗೇ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಬೆಳಗಾವಿಯಲ್ಲಿ ಕ್ರೀಡಾ ಮನೋವಿಜ್ಞಾನದ ಸಲಹೆಗಾರ್ತಿ. ಅದಕ್ಕೂ ಮೊದಲು, ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ದುಡಿಯುತ್ತಿದ್ದ ಕಿವುಡ ತಂದೆಯ ಮಗಳು. ಬಾಯಿಂದ ಮಾತು ಹೊರಡುವ ಮೊದಲೇ ಕೈಯಿಂದ ಹೊರಟಿತ್ತು ಎಂದು ಅವ್ವ ಹೇಳುತ್ತಿದ್ದಳು. ಹಾಗಾಗಿ ಈ ವಿಷಯದಲ್ಲಿ ನಾನು ಹೇಳುವುದರಲ್ಲಿ ಓದಿದ್ದೂ ಇದೆ, ಮನೆಯಲ್ಲಿ ಕಂಡದ್ದೂ ಇದೆ.

ಪ್ರಶ್ನೆ: ನನ್ನ ಮಗಳಿಗೆ ಹದಿನೇಳು ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಸೈಕಲ್ ಎಂದರೆ ಪ್ರಾಣ. ವಿಜಯಪುರದಲ್ಲಿ ಅಭ್ಯಾಸ ಮಾಡುವಾಗ ಅವಳ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯುವ ಸ್ಪರ್ಧೆ) ನೋಡಿದವರೆಲ್ಲ ಭೇಷ್ ಎನ್ನುತ್ತಾರೆ. ಸ್ಪರ್ಧೆಯ ದಿನ ಮಾತ್ರ ಕೈಕಾಲು ತಣ್ಣಗಾಗುತ್ತವೆ, ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ವೇಗ ಬಿದ್ದುಹೋಗುತ್ತದೆ. ಕೋಚ್, 'ಇವಳಿಗೆ ಜನರ ಗದ್ದಲವೇ ಕೇಳಿಸುವುದಿಲ್ಲ, ಉಳಿದವರಿಗಿಂತ ಏಕಾಗ್ರತೆ ಹೆಚ್ಚಿರಬೇಕು, ಟೆನ್ಷನ್ ಯಾಕೆ?' ಎನ್ನುತ್ತಾರೆ. ಒಬ್ಬ ಆಪ್ತಸಮಾಲೋಚಕರ ಬಳಿಗೂ ಹೋಗಿ ಬಂದೆವು. ಅವರು ಮಗಳ ಕೈಗೆ ಇಂಗ್ಲಿಷ್ ಪ್ರಶ್ನಾವಳಿ ಕೊಟ್ಟು, ಅಂಕ ಕೂಡಿಸಿ, 'ಆತ್ಮವಿಶ್ವಾಸ ಬಹಳ ಕಡಿಮೆ' ಎಂದು ನನಗೆ ಹೇಳಿ ಕಳುಹಿಸಿದರು. ಮುಂದೇನು ಮಾಡಬೇಕು?
— ಒಬ್ಬ ತಂದೆ, ತಿಕೋಟಾ

ಉತ್ತರ: ಗದ್ದಲ ಕೇಳಿಸುವುದಿಲ್ಲ, ಆದ್ದರಿಂದ ಮನಸ್ಸು ನೆಮ್ಮದಿಯಾಗಿರುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಿಸಬೇಕು ಸರ್. ಒಳ್ಳೆಯ ಕೋಚ್‌ಗಳ ಬಾಯಲ್ಲೂ ಇದನ್ನು ಕೇಳಿದ್ದೇನೆ. ಪ್ರತಿ ಸಲವೂ ಸಂಕಟವಾಗುತ್ತದೆ. ಮುಂದಿನ ಗಳಿಗೆಯಲ್ಲಿ ಏನಾಗುತ್ತದೆ ಎಂದು ತಿಳಿಯದೆ ಇದ್ದಾಗ ಆತಂಕ ಹುಟ್ಟುತ್ತದೆ. ಸ್ಪರ್ಧೆಯ ಬೆಳಿಗ್ಗೆ ನಿಮ್ಮ ಮಗಳಿಗೆ ತಿಳಿಯದೆ ಹೋಗುವುದು ಎಷ್ಟಿದೆ ನೋಡಿ. ಮೈಕಿನಲ್ಲಿ ಹೆಸರು ಕರೆಯುತ್ತಾರೆ. ಮುಖ್ಯ ಅತಿಥಿಗಳು ಬರುವುದು ತಡವಾಯಿತೆಂದು ಆರಂಭವನ್ನು ಮುಂದೂಡುತ್ತಾರೆ. ಸೈಕಲ್ ತಪಾಸಣೆಯ ಜಾಗ ಬದಲಾಗುತ್ತದೆ. ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ಒಂದು ಕಡೆ ಹೊರಡುತ್ತಾರೆ. ಯಾಕೆಂದು ತಿಳಿಯದೆ ಅವಳೂ ಹೊರಡುತ್ತಾಳೆ. ಉಳಿದ ಹುಡುಗಿಯರು ಕಾಲು ಚಾಚಿ, ಕಣ್ಣು ಮುಚ್ಚಿ ಕುಳಿತರೂ ಕಿವಿ ಅವರ ಕೆಲಸ ಮಾಡುತ್ತಿರುತ್ತದೆ. ಇವಳು ಎಲ್ಲರ ಮುಖವನ್ನೂ ಕಾಯುತ್ತಾ ಕೂರಬೇಕು. ಪೆಡಲಿನ ಮೇಲೆ ಕಾಲಿಡುವ ಮೊದಲೇ ಅವಳ ಅರ್ಧ ತ್ರಾಣ ಖರ್ಚಾಗಿರುತ್ತದೆ.

ಆದ್ದರಿಂದ 'ಧೈರ್ಯವಾಗಿರು' ಎಂದು ಬೆನ್ನು ತಟ್ಟುವುದಕ್ಕಿಂತ ಮೊದಲು ಮಾಹಿತಿಯ ವ್ಯವಸ್ಥೆ ಮಾಡಿ. ತಂಡದ ಒಬ್ಬ ಗೆಳತಿಗೆ ಆ ಹೊಣೆ ಒಪ್ಪಿಸಿ: ಮೈಕಿನಲ್ಲಿ ಬಂದದ್ದೆಲ್ಲವೂ, ಕೆಲಸಕ್ಕೆ ಬಾರದ್ದೂ ಸೇರಿ, ಇವಳಿಗೆ ತಲುಪಬೇಕು. 'ಅದೇನಿಲ್ಲ ಬಿಡು' ಎಂಬ ಉತ್ತರ ಬೇಡ. ಕಿವುಡರು ಮನೆಯಲ್ಲಿ, ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಜೀವನವಿಡೀ ಕಾಣುವ ಉತ್ತರ ಅದು. ಏನು ದೊಡ್ಡದು, ಏನು ಚಿಕ್ಕದು ಎಂದು ಅವಳೇ ತೀರ್ಮಾನಿಸಲಿ. ಹಿಂದಿನ ದಿನವೇ ಮೈದಾನಕ್ಕೆ ಕರೆದೊಯ್ದು, ಎಲ್ಲಿ ಹಾಜರಿ, ಎಲ್ಲಿ ತಪಾಸಣೆ, ಎಲ್ಲಿ ಶೌಚಾಲಯ ಎಂದು ನಡೆದೇ ತೋರಿಸಿ. ರಾತ್ರಿಯ ನಿದ್ರೆಯನ್ನೂ ವಿಚಾರಿಸಿ. ಅಲಾರಂ ಕೇಳಿಸದೆ ಸ್ಪರ್ಧೆ ತಪ್ಪಿಹೋದೀತೆಂಬ ಭಯಕ್ಕೆ ಮತ್ತೆ ಮತ್ತೆ ಎದ್ದು ಗಡಿಯಾರ ನೋಡುವ ಕಿವುಡ ಕ್ರೀಡಾಪಟುಗಳು ಬಹಳ. ಮೊಬೈಲನ್ನು ಕಂಪನಕ್ಕೆ ಹಾಕಿ ದಿಂಬಿನ ಕೆಳಗಿಟ್ಟರೆ, ಜೊತೆಗೆ ಕೋಣೆಯ ಗೆಳತಿ ಎಬ್ಬಿಸುತ್ತೇನೆಂದು ಮಾತು ಕೊಟ್ಟರೆ, ಆ ನಿದ್ರೆ ಉಳಿಯುತ್ತದೆ.

ಏಕಾಗ್ರತೆಯ ವಿಷಯಕ್ಕೆ ಬರೋಣ. ಹೆಲೆನ್ ನೆವಿಲ್, ಡಾಫ್ನಿ ಬವೆಲಿಯರ್ ಮೊದಲಾದ ವಿಜ್ಞಾನಿಗಳು ದಶಕಗಳ ಕಾಲ ನಡೆಸಿದ ಸಂಶೋಧನೆ ಒಂದು ಮಾತನ್ನು ಸ್ಪಷ್ಟಪಡಿಸಿದೆ: ಹುಟ್ಟಿನಿಂದ ಕಿವುಡರಾಗಿದ್ದು ಸನ್ನೆ ಭಾಷೆ ಬಳಸುವವರ ಗಮನವು ನೋಟದ ಅಂಚಿನಲ್ಲಿ ನಡೆಯುವ ಚಲನೆಗೆ ಹೆಚ್ಚು ಚುರುಕಾಗಿರುತ್ತದೆ. ಸೈಕಲ್ ಗುಂಪಿನಲ್ಲಿ ಇದು ವರ. ಪಕ್ಕದವಳು ಪೆಡಲಿನ ಮೇಲೆ ಎದ್ದು ನಿಲ್ಲುವ ಮುನ್ನ ಅವಳ ಭುಜ ಅಲುಗಿದ್ದೇ ನಿಮ್ಮ ಮಗಳಿಗೆ ಸಾಕು. ಅದೇ ಕಣ್ಣಿಗೆ ರಸ್ತೆಬದಿಯಲ್ಲಿ ಪಟಪಟಿಸುವ ಬ್ಯಾನರು, ಮೊಬೈಲ್ ಹಿಡಿದು ಓಡಿಬರುವ ಹುಡುಗರು ಕೂಡ ಎಳೆತವೇ. ಅವಳ ಗದ್ದಲ ಕಣ್ಣಿನಲ್ಲಿದೆ. ಆದ್ದರಿಂದ ಗಮನದ ತರಬೇತಿಯೂ ಕಣ್ಣಿನದಾಗಬೇಕು. ಮುಂದಿನ ರಸ್ತೆಯಲ್ಲಿ ಒಂದು ಗುರುತು ಹಿಡಿದು, ಅದನ್ನು ದಾಟುವವರೆಗೆ ನೋಟ ಅಲ್ಲೇ; ದಾಟಿದ ಮೇಲೆ ಮುಂದಿನ ಗುರುತು. ಅಭ್ಯಾಸದಲ್ಲಿ ಬೇಕೆಂದೇ ಬದಿಯಲ್ಲಿ ಜನರನ್ನು ನಿಲ್ಲಿಸಿ, ಬಟ್ಟೆ ಬೀಸಿಸಿ. ಸ್ಪರ್ಧೆಯ ದಿನದ ಕಿರಿಕಿರಿಗೆ ಕಣ್ಣು ಅಭ್ಯಾಸದಲ್ಲೇ ಪಳಗಲಿ.

ವಿಜಯಪುರದಲ್ಲಿ ಅವಳು ಯಾವ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾಳೆ ಎಂದು ನೀವು ಬರೆದಿಲ್ಲ. ಕಬ್ಬು ನುರಿಸುವ ತಿಂಗಳುಗಳಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರೂ ಜಿಲ್ಲೆಗಳ ರಸ್ತೆಗಳ ಗತಿ ನಿಮಗೆ ಗೊತ್ತೇ ಇದೆ: ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ರಸ್ತೆಯ ಅರ್ಧ ಭಾಗ ಆವರಿಸಿದ ಕಬ್ಬಿನ ಹೊರೆ. ಹಾರ್ನ್ ಕೇಳಿಸದ ಹುಡುಗಿ ಅಲ್ಲಿ ಮತ್ತೆ ಮತ್ತೆ ಹಿಂತಿರುಗಿ ನೋಡುತ್ತಲೇ ತುಳಿಯಬೇಕು. ಕಾಲಿಗಿಂತ ಮೊದಲು ಮನಸ್ಸು ದಣಿಯುತ್ತದೆ, ನೋಡುವವರಿಗೆ ಅದು ಅಂಜಿಕೆಯಂತೆ ಕಾಣುತ್ತದೆ. ಹಿಂದೆ ಒಂದು ಬೆಂಗಾವಲು ಬೈಕ್ ಇರಲಿ, ಹ್ಯಾಂಡಲಿಗೆ ಕನ್ನಡಿ ಇರಲಿ. ವೇಗದ ಅಭ್ಯಾಸವನ್ನು ವಾಹನವಿಲ್ಲದ ಜಾಗದಲ್ಲಿ ಅಥವಾ ನಿಂತಲ್ಲೇ ಸೈಕಲ್ ತುಳಿಯುವ ರೋಲರ್ ಮೇಲೆ ಮಾಡಿಸಿ. ಮನಸ್ಸಿನ ತರಬೇತಿ ಕೇಳಿದರೆ ಕನ್ನಡಿ ಕೊಡಿಸಿ ಎನ್ನುತ್ತಾಳಲ್ಲ ಎಂದುಕೊಳ್ಳಬೇಡಿ. ಬೆನ್ನ ಹಿಂದಿನ ಭಯ ಹೋಗದೆ ಮುಂದಿನ ಗುರಿ ಕಾಣಿಸುವುದಿಲ್ಲ.

ಟೈಮ್ ಟ್ರಯಲ್ ಆರಂಭದಲ್ಲಿ ಅವಳಿಗೆ ಒಂದು ಅನುಕೂಲವಿದೆ. ಕೊನೆಯ ಐದು ಸೆಕೆಂಡುಗಳನ್ನು ಅಧಿಕಾರಿ ಬೆರಳು ಮಡಚುತ್ತಾ ಎಣಿಸುವುದು ರೂಢಿ. ಆ ಐದು ಬೆರಳುಗಳ ಸುತ್ತಲೇ ಅವಳದೇ ಆದ ಒಂದು ಕ್ರಮ ಕಟ್ಟಿಕೊಡಿ. ಐದೂ ಬೆರಳು ಮೇಲಿರುವಾಗ ಉದ್ದವಾಗಿ ಉಸಿರು ಬಿಡುವುದು. ಮೂರಕ್ಕೆ ಹೆಬ್ಬೆರಳಿನಿಂದ ಹ್ಯಾಂಡಲನ್ನು ಗಟ್ಟಿಯಾಗಿ ಒತ್ತುವುದು. ಒಂದಕ್ಕೆ ನೋಟ ರಸ್ತೆಗೆ. ಹೆಬ್ಬೆರಳು ಯಾಕೆಂದರೆ, ಕೇಳುವ ಕ್ರೀಡಾಪಟುಗಳು ಮನಸ್ಸಿನೊಳಗೆ 'ನಿನ್ನಿಂದ ಆಗುತ್ತದೆ' ಎಂದು ಹೇಳಿಕೊಳ್ಳುವಂತೆ, ಸನ್ನೆ ಭಾಷೆಯಲ್ಲಿ ಬೆಳೆದವರು ಕೈಯಲ್ಲೇ ಹೇಳಿಕೊಳ್ಳುತ್ತಾರೆ. ನನ್ನ ತಂದೆ ಏನನ್ನಾದರೂ ಗಾಢವಾಗಿ ಯೋಚಿಸುವಾಗ ಅವರ ಬೆರಳುಗಳು ತೊಡೆಯ ಮೇಲೆ ಸಣ್ಣಗೆ ಅಲುಗುತ್ತಿದ್ದವು. ಹ್ಯಾಂಡಲ್ ಹಿಡಿದ ಕೈಗೆ ಪೂರ್ತಿ ಸನ್ನೆ ಮಾಡಲು ಬರುವುದಿಲ್ಲ. ಆದ್ದರಿಂದ 'ನಾನು ಸಿದ್ಧ' ಎಂಬುದಕ್ಕೆ ಅವಳೇ ಆರಿಸಿಕೊಂಡ ಒಂದು ಒತ್ತು. ಅವಳೇ ಆರಿಸಿಕೊಳ್ಳಬೇಕು ಎಂಬುದನ್ನು ಮರೆಯಬೇಡಿ.

ಆ ಪ್ರಶ್ನಾವಳಿಯನ್ನು ಮಡಚಿ ಒಳಗಿಡಿ. ಅದು ಅಳೆದದ್ದು ಅವಳ ಇಂಗ್ಲಿಷನ್ನು. ಕಿವುಡ ಮಕ್ಕಳಲ್ಲಿ ಶೇ 90ಕ್ಕಿಂತ ಹೆಚ್ಚು ಮಂದಿ ಹುಟ್ಟುವುದು ಕೇಳುವ ತಂದೆ-ತಾಯಿಗೆ. ಮನೆಯ ಮಾತು ಅವರಿಗೆ ಪೂರ್ತಿ ತಲುಪುವುದಿಲ್ಲ, ಶಾಲೆಯ ಬರಹ ತಡವಾಗಿ ಬರುತ್ತದೆ. ಕನ್ನಡವೇ ಎರಡನೆಯ ಭಾಷೆಯಾಗಿರುವಾಗ ಇಂಗ್ಲಿಷಿನಲ್ಲಿ 'ಸಾಮಾನ್ಯವಾಗಿ', 'ಅಪರೂಪಕ್ಕೆ' ಎಂಬ ಚೌಕಗಳಿಗೆ ಗುರುತು ಹಾಕಿಸಿ ಆತ್ಮವಿಶ್ವಾಸದ ಅಂಕ ಬರೆಯುವುದು ಅನ್ಯಾಯ. ಸನ್ನೆ ಭಾಷೆ ಬಲ್ಲ ಸಲಹೆಗಾರರು ಸಿಕ್ಕರೆ ಉತ್ತಮ. ಸಿಗದಿದ್ದರೆ ದುಭಾಷಿಯ ಜೊತೆ ಹೋಗಿ, ಮತ್ತು ಸಲಹೆಗಾರರು ಮಾತಾಡಬೇಕಾದದ್ದು ನಿಮ್ಮ ಜೊತೆಗಲ್ಲ, ಅವಳ ಜೊತೆ, ಅವಳ ಮುಖ ನೋಡಿ ಎಂದು ಮೊದಲೇ ತಿಳಿಸಿ. ಇನ್ನೊಂದು ಎಚ್ಚರಿಕೆ ಕೋಚ್ ಅವರಿಗೆ: ಸನ್ನೆ ಭಾಷೆಯಲ್ಲಿ ಹುಬ್ಬು, ಕೆನ್ನೆ, ತುಟಿ ಎಲ್ಲವೂ ವ್ಯಾಕರಣ. ಹುಬ್ಬು ಗಂಟಿಕ್ಕಿದಳೆಂದರೆ ಸಿಟ್ಟು ಎಂದಲ್ಲ, ಬಹುಶಃ ಪ್ರಶ್ನೆ ಕೇಳುತ್ತಿದ್ದಾಳೆ.

ಪ್ರಶ್ನೆ: ಕಿವುಡರ ಕ್ರೀಡಾಕೂಟ ಪ್ಯಾರಾಲಿಂಪಿಕ್ಸ್‌ನ ಭಾಗವೇ? ಇದರಲ್ಲಿ ಭಾಗವಹಿಸಲು ಪೂರ್ತಿ ಕಿವುಡರೇ ಆಗಿರಬೇಕೇ?
— ದೈಹಿಕ ಶಿಕ್ಷಣ ಶಿಕ್ಷಕಿ, ಮುದ್ದೇಬಿಹಾಳ

ಉತ್ತರ: ಅಲ್ಲ. ಕಿವುಡರದು ಪ್ರತ್ಯೇಕ ಕೂಟ, ಡೆಫ್ಲಿಂಪಿಕ್ಸ್. ಮೊದಲನೆಯದು 1924ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ, ಯೂಜೀನ್ ರೂಬೆನ್ಸ್ ಅಲ್ಕೇ ಎಂಬ ಕಿವುಡ ಮುಂದಾಳುವಿನ ಪ್ರಯತ್ನದಿಂದ ನಡೆಯಿತು. ಒಂಬತ್ತು ದೇಶಗಳು ಬಂದಿದ್ದವು. ಮೊದಲ ಪ್ಯಾರಾಲಿಂಪಿಕ್ಸ್ 1960ರಲ್ಲಿ ರೋಮ್‌ನಲ್ಲಿ ನಡೆಯುವ ಹೊತ್ತಿಗೆ ಕಿವುಡರ ಕೂಟಕ್ಕೆ ಮೂರೂವರೆ ದಶಕ ದಾಟಿತ್ತು. ಈಗಿನ ಹೆಸರು ಬಂದದ್ದು 2001ರಲ್ಲಿ. ಇತ್ತೀಚಿನ ಕೂಟ 2025ರ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ನಡೆಯಿತು. ನಿಮ್ಮ ಜಿಲ್ಲೆಯವರು ಹೆಮ್ಮೆಪಡುವ ಸೈಕ್ಲಿಂಗ್ 1924ರ ಆ ಮೊದಲ ಕೂಟದಲ್ಲೂ ಇತ್ತು.

ಅರ್ಹತೆ: ಚೆನ್ನಾಗಿ ಕೇಳಿಸುವ ಕಿವಿಯಲ್ಲಿ ಕನಿಷ್ಠ 55 ಡೆಸಿಬಲ್ ಶ್ರವಣನಷ್ಟ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡರೆಂದೂ, 60ರಿಂದ 70 ಇದ್ದರೆ ಮಂದಶ್ರವಣದವರೆಂದೂ ಹೇಳುತ್ತದೆ. ಹೀಗಾಗಿ ಸರ್ಕಾರಿ ಪ್ರಮಾಣಪತ್ರ ಸಿಗದ ಒಬ್ಬ ವಿದ್ಯಾರ್ಥಿನಿಗೂ ಈ ಅಂಗಳದ ಬಾಗಿಲು ತೆರೆದಿರಬಹುದು. ನಿಮ್ಮ ಶಾಲೆಯಲ್ಲಿ 'ಕರೆದರೆ ತಿರುಗಿ ನೋಡುವುದಿಲ್ಲ, ಉಡಾಫೆ' ಎನಿಸಿಕೊಂಡ ಓಟಗಾರ್ತಿ ಯಾರಾದರೂ ಇದ್ದರೆ, ದಯವಿಟ್ಟು ಮೊದಲು ಅವಳ ಶ್ರವಣ ಪರೀಕ್ಷೆ ಮಾಡಿಸಿ. ಕಿವುಡರು ಸಾಮಾನ್ಯ ಕೂಟಗಳಲ್ಲೂ ಸ್ಪರ್ಧಿಸಬಹುದು. ದಕ್ಷಿಣ ಆಫ್ರಿಕಾದ ಈಜುಗಾರ ಟೆರೆನ್ಸ್ ಪಾರ್ಕಿನ್ 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ನಮ್ಮ ಗಾಲ್ಫ್ ಆಟಗಾರ್ತಿ ದೀಕ್ಷಾ ಡಾಗರ್ ಒಲಿಂಪಿಕ್ಸ್, ಡೆಫ್ಲಿಂಪಿಕ್ಸ್ ಎರಡರಲ್ಲೂ ಆಡಿದ್ದಾರೆ.

ಪ್ರಶ್ನೆ: ನಮ್ಮ ತಾಲೀಮಿನಲ್ಲಿ ಇಬ್ಬರು ಕಿವುಡ ಹುಡುಗರು ಕುಸ್ತಿ ಕಲಿಯುತ್ತಿದ್ದಾರೆ. ಒಬ್ಬ ರಾಷ್ಟ್ರಮಟ್ಟಕ್ಕೆ ಹೋಗುವವನು. ಉಳಿದ ಪೈಲ್ವಾನರಿಗೆ ಕಣ್ಣು ಮುಚ್ಚಿಸಿ, ಮೈ ಸಡಿಲಿಸಿ, ಮನಸ್ಸಿನಲ್ಲೇ ಕುಸ್ತಿ ಆಡಿಸುವ ಅಭ್ಯಾಸ ಮಾಡಿಸುತ್ತೇನೆ. ಇವರು ಕಣ್ಣು ಮುಚ್ಚಿದ ಮೇಲೆ ನನ್ನ ಮಾತು ತಲುಪುವುದು ಹೇಗೆ? ತೆರೆದರೆ ಅಭ್ಯಾಸವೇ ಆಗುವುದಿಲ್ಲ.
— ಒಬ್ಬ ವಸ್ತಾದ, ಬೆಳಗಾವಿ ತಾಲ್ಲೂಕು

ಉತ್ತರ: ವಸ್ತಾದರೇ, ಈ ಪ್ರಶ್ನೆ ಕೇಳಿದ್ದಕ್ಕೇ ನಿಮಗೆ ನಮಸ್ಕಾರ. ಬಹಳಷ್ಟು ಕಡೆ ಇಂಥ ಹುಡುಗರನ್ನು 'ನೀವು ಅಲ್ಲಿ ದಂಡ ಹೊಡೆಯಿರಿ' ಎಂದು ಬದಿಗೆ ಕಳುಹಿಸಿ ಉಳಿದವರಿಗೆ ಮಾನಸಿಕ ತರಬೇತಿ ಕೊಡುತ್ತಾರೆ.

ಉಪಾಯವಿಷ್ಟೇ: ಹೇಳುವುದೆಲ್ಲ ಕಣ್ಣು ತೆರೆದಿರುವಾಗ, ಮಾಡುವುದೆಲ್ಲ ಕಣ್ಣು ಮುಚ್ಚಿದಾಗ, ಎರಡರ ನಡುವೆ ಸೇತುವೆ ಸ್ಪರ್ಶ. ನಾನು ಮಾಡಿಸುವ ರೀತಿ ಬರೆಯುತ್ತೇನೆ. ಹುಡುಗರನ್ನು ಗೋಡೆಗೆ ಒರಗಿಸಿ ಕೂರಿಸುತ್ತೇನೆ. ನಿಲ್ಲಿಸುವುದಿಲ್ಲ, ಕೇಳುವ ಅಂಗದ ಪಕ್ಕದಲ್ಲೇ ಒಳಕಿವಿಯಲ್ಲಿ ಸಮತೋಲನದ ಅಂಗವೂ ಇರುವುದರಿಂದ ಕೆಲವು ಕಿವುಡರು ನಿಂತು ಕಣ್ಣು ಮುಚ್ಚಿದರೆ ತೂರಾಡುತ್ತಾರೆ, ಆ ಹೆದರಿಕೆಯಲ್ಲಿ ಮೈ ಇನ್ನಷ್ಟು ಬಿಗಿಯುತ್ತದೆ. ಬಾಗಿಲಿನ ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ನಾನು ಕೂರುತ್ತೇನೆ, ಬೆನ್ನಿಗೆ ಬಿದ್ದರೆ ಅವರಿಗೆ ಕಾಣುವುದು ನೆರಳು ಮಾತ್ರ. ಮೊದಲು ನಾನು ಮುಷ್ಟಿ ಕಟ್ಟುತ್ತೇನೆ, ಮುಂಗೈಯ ನರ ಉಬ್ಬುವುದನ್ನು ಅವರು ನೋಡುತ್ತಾರೆ. ಬಿಡುತ್ತೇನೆ, ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುವುದನ್ನು ನೋಡುತ್ತಾರೆ. ಆಮೇಲೆ ಅವರು ಕಟ್ಟಿ ಬಿಡುತ್ತಾರೆ. ತೋಳು, ಭುಜ, ದವಡೆ, ಹೊಟ್ಟೆ, ತೊಡೆ ಹೀಗೆ ಇಡೀ ಕ್ರಮವನ್ನು ಕಣ್ಣು ತೆರೆದೇ ಬಾಯಿಪಾಠ ಮಾಡಿಸುತ್ತೇನೆ. ಇದು ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯರು ಸುಮಾರು ನೂರು ವರ್ಷಗಳ ಹಿಂದೆ ರೂಪಿಸಿದ ವಿಧಾನ. ಸ್ನಾಯುವನ್ನು ಬಿಗಿದು ಬಿಟ್ಟಾಗಿನ ವ್ಯತ್ಯಾಸವೇ ಪಾಠವಾದ್ದರಿಂದ ಕಿವುಡರಿಗೆ ಇದಕ್ಕಿಂತ ಹೊಂದುವ ವಿಶ್ರಾಂತಿ ಕ್ರಮವನ್ನು ನಾನು ಕಂಡಿಲ್ಲ.

ಕ್ರಮ ಮೈಗೆ ಹತ್ತಿದ ಮೇಲೆ ಹುಡುಗರನ್ನು ಜೋಡಿ ಮಾಡುತ್ತೇನೆ. ಒಬ್ಬ ಕಣ್ಣು ಮುಚ್ಚುತ್ತಾನೆ, ಇನ್ನೊಬ್ಬ ಅವನ ಭುಜದ ಮೇಲೆ ಎರಡು ಬೆರಳಿಟ್ಟುಕೊಂಡಿರುತ್ತಾನೆ. ಒಂದು ತಟ್ಟು ಎಂದರೆ ಬಿಗಿ. ಬೆರಳು ನಿಧಾನವಾಗಿ ಕೆಳಗೆ ಜಾರಿತೆಂದರೆ ಬಿಡು. ಇಡೀ ಅಂಗೈ ಬೆನ್ನಿಗೆ ತಾಗಿತೆಂದರೆ ಕಣ್ಣು ತೆರೆ. ಎಲ್ಲಿ ಮುಟ್ಟುತ್ತಾರೆ, ಯಾರು ಮುಟ್ಟುತ್ತಾರೆ ಎಂಬುದು ಮೊದಲೇ ಒಪ್ಪಂದವಾಗಿರಬೇಕು. ಕಣ್ಣು ಮುಚ್ಚಿದ ಕಿವುಡನನ್ನು ಹಿಂದಿನಿಂದ ಏಕಾಏಕಿ ಮುಟ್ಟಿದರೆ ಅವನು ಬೆಚ್ಚಿಬೀಳುತ್ತಾನೆ, ಮತ್ತೆ ಅಂದು ಕಣ್ಣು ಮುಚ್ಚುವುದಿಲ್ಲ. ಕಣ್ಣು ಮುಚ್ಚಲು ಒಲ್ಲೆ ಎಂದವನನ್ನು ಬಲವಂತ ಮಾಡಬೇಡಿ. ಅವನಿಗೆ ಜಗತ್ತಿನ ಜೊತೆ ಇರುವ ಮುಖ್ಯ ದಾರಿಯನ್ನೇ ಮುಚ್ಚು ಎಂದಂತಾಗುತ್ತದೆ. ಗೋಡೆಯ ಮೇಲೆ ಒಂದು ಚುಕ್ಕೆ ನೋಡುತ್ತಾ ಮಾಡಿದರೂ ನಡೆಯುತ್ತದೆ.

ಮನಸ್ಸಿನಲ್ಲಿ ಕುಸ್ತಿ ಆಡಿಸುವಾಗ ಕೇಳುವವರಿಗಾಗಿ ಬರೆದ ವರ್ಣನೆಯನ್ನು ತೋರಿಸಬೇಡಿ. ಅದರ ತುಂಬ ಹಲಗೆಯ ಸದ್ದು, ಜನರ ಕೇಕೆ ಇರುತ್ತದೆ. ಈ ಹುಡುಗನ ಅಖಾಡದಲ್ಲಿರುವುದು ಬೇರೆ: ಅಂಗಾಲಿಗೆ ತಾಗುವ ಕೆಂಪು ಮಣ್ಣಿನ ತಂಪು, ಎದುರಾಳಿಯ ಕೊರಳಿನ ಬೆವರು, ಅವನು ಘಿಸ್ಸಾ ಪಟ್ಟು ಹಾಕುವ ಮುನ್ನ ಸೊಂಟದಲ್ಲಿ ಆಗುವ ಸಣ್ಣ ಬದಲಾವಣೆ. ಆದ್ದರಿಂದ ಹುಡುಗನೇ ನಿಮಗೆ ಕುಸ್ತಿಯನ್ನು ಸನ್ನೆಯಲ್ಲಿ ಹೇಳಲಿ, ಆರಂಭದಿಂದ ಕೊನೆಯವರೆಗೆ. ಎಲ್ಲಿ ಅವನ ಕೈ ತಡವರಿಸುತ್ತದೋ ಅಲ್ಲಿಯೇ ಅವನಿಗೆ ಅನುಮಾನವಿದೆ. ಒಬ್ಬ ಹುಡುಗ ಢಾಕ್ ಪಟ್ಟು ಹಾಕಿ ಕೆಡವುವವರೆಗೆ ಸರಸರ ಹೇಳಿ, ಎದುರಾಳಿ ಕೆಳಗೆ ಬಿದ್ದ ಮೇಲೆ ಕೈ ಕಟ್ಟಿ ಕುಳಿತುಬಿಟ್ಟ. ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವ ಚಿತ್ರವೇ ಅವನ ಮನಸ್ಸಿನಲ್ಲಿ ಇರಲಿಲ್ಲ. ಅವನ ವಸ್ತಾದರು ಮುಂದೆ ನೆಲದ ಪಟ್ಟುಗಳಿಗೇ ಹೆಚ್ಚು ಹೊತ್ತು ಕೊಟ್ಟರು.

ಮ್ಯಾಟ್ ಕುಸ್ತಿಗೆ ಹೋದಾಗ ಮೂರು ನಿಮಿಷದ ಎರಡು ಸುತ್ತುಗಳ ನಡುವೆ ಸಿಗುವುದು 30 ಸೆಕೆಂಡು. ಅಷ್ಟರಲ್ಲಿ ಅವನು ನೀರು ಕುಡಿಯಬೇಕು, ಮುಖ ಒರೆಸಿಕೊಳ್ಳಬೇಕು. ಟವೆಲ್ ಮುಖದ ಮೇಲಿರುವಾಗ ನಿಮ್ಮ ಕೈ ಅವನಿಗೆ ಕಾಣುವುದಿಲ್ಲ. ಮೊದಲ ಹತ್ತು ಸೆಕೆಂಡು ಸುಮ್ಮನಿರಿ, ಉಸಿರು ಹಿಡಿತಕ್ಕೆ ಬರಲಿ. ಕಣ್ಣಿಗೆ ಕಣ್ಣು ಸಿಕ್ಕಿದ ಮೇಲೆ ಒಂದೇ ಸೂಚನೆ, ಹೆಚ್ಚೆಂದರೆ ಎರಡು. ಸೀಟಿ ಕೇಳಿಸದೆ ಆಟ ಮುಂದುವರಿಸಿ ದಂಡ ತೆತ್ತ ನೆನಪು ಇಂಥ ಹುಡುಗರ ಮನಸ್ಸಿನಲ್ಲಿ ಆಳವಾಗಿ ಕುಳಿತಿರುತ್ತದೆ, ಆ ಅಳುಕಿನಲ್ಲಿ ಪೂರ್ತಿ ಬಲ ಹಾಕುವುದಿಲ್ಲ. ಕೇಳುವವರ ಜೊತೆಗಿನ ಪಂದ್ಯವಿದ್ದರೆ, ಸೀಟಿಯ ಜೊತೆ ಭುಜ ಮುಟ್ಟಿ ತಿಳಿಸಿ ಎಂದು ತೀರ್ಪುಗಾರರನ್ನು ಹುಡುಗನ ಎದುರಿಗೇ ಕೇಳಿಕೊಳ್ಳಿ. ಅವರು ಒಪ್ಪಿ ತಲೆಯಾಡಿಸಿದ್ದನ್ನು ಅವನೇ ನೋಡಬೇಕು. ಹರಿಯಾಣದ ವೀರೇಂದ್ರ ಸಿಂಗ್ ಅವರ ಕುಸ್ತಿಯ ವಿಡಿಯೊಗಳನ್ನು ಈ ಇಬ್ಬರಿಗೂ ತೋರಿಸಿ. 2005, 2013, 2017ರ ಡೆಫ್ಲಿಂಪಿಕ್ಸ್‌ಗಳಲ್ಲಿ ಚಿನ್ನ, 2021ರಲ್ಲಿ ಪದ್ಮಶ್ರೀ. ತಮ್ಮಂಥವನೇ ಒಬ್ಬ ಪೈಲ್ವಾನ ಅಷ್ಟು ದೂರ ಹೋದದ್ದನ್ನು ಕಣ್ಣಾರೆ ಕಂಡರೆ, ನಾವು ಕೊಡುವ ಎಷ್ಟೋ ಉಪದೇಶಗಳ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ: ನನ್ನ ತಮ್ಮ 400 ಮೀಟರ್ ಓಟಗಾರ, ಕಿವುಡ. ಮಂಡಿಗೆ ಪೆಟ್ಟಾಗಿ ಈ ವರ್ಷದ ಆಯ್ಕೆ ತಪ್ಪಿತು. ಆಮೇಲಿನಿಂದ ಮಂಕಾಗಿದ್ದಾನೆ. ಸಲಹೆಗಾರರ ಬಳಿ ನಾನೇ ಅವನ ಸನ್ನೆಯನ್ನು ಮಾತಿಗೆ ತಿರುಗಿಸಬೇಕು, ಏಕೆಂದರೆ ಅವನಿಗೆ ಬರುವುದು ನಮ್ಮ ಮನೆಯ ಸನ್ನೆಗಳು ಮಾತ್ರ. ಅಲ್ಲಿ ಅವನು 'ಎಲ್ಲ ಸರಿಯಿದೆ' ಎಂದು ಬಿಡುತ್ತಾನೆ. ಮನೆಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಾನೆ.
— ಅಕ್ಕ, ನವನಗರ, ಬಾಗಲಕೋಟೆ

ಉತ್ತರ: ತಂಗಿ, ನಿಮ್ಮ ಎದುರಿಗೆ ಅವನು ಹೇಗೆ ಹೇಳಿಯಾನು? ನೀವು ನೊಂದುಕೊಳ್ಳುತ್ತೀರಿ ಎಂದು ಅವನಿಗೆ ಗೊತ್ತು. ಬಹುಶಃ ಅವನ ನೋವಿನ ಒಂದು ಪಾಲು ಮನೆಯ ಬಗ್ಗೆಯೇ ಇರಬಹುದು. ಅಕ್ಕನಾಗಿ ಇರುವುದು, ದುಭಾಷಿಯಾಗಿ ಇರುವುದು ಎರಡೂ ಒಂದೇ ಕುರ್ಚಿಯಲ್ಲಿ ಸಾಧ್ಯವಿಲ್ಲ. ಚಿಕ್ಕ ವಯಸ್ಸಿನಲ್ಲಿ ವೈದ್ಯರು ಹೇಳಿದ ಮಾತನ್ನು ತಂದೆಗೆ ನಾನೇ ತಲುಪಿಸಬೇಕಾಗುತ್ತಿತ್ತು. ಮೆತ್ತಗೆ ಮಾಡಿ ಹೇಳುವ ಆಸೆ ಎಷ್ಟು ಬಲವಾಗಿರುತ್ತದೆ ಎಂಬುದು ನನಗೆ ಗೊತ್ತು. ತರಬೇತಿ ಪಡೆದ ದುಭಾಷಿ ಮೆತ್ತಗೂ ಮಾಡುವುದಿಲ್ಲ, ಕಠಿಣವೂ ಮಾಡುವುದಿಲ್ಲ, ಹೊರಗೆ ಹೇಳುವುದೂ ಇಲ್ಲ. ಅವರು ಸಲಹೆಗಾರರ ಪಕ್ಕದಲ್ಲಿ, ನಿಮ್ಮ ತಮ್ಮನಿಗೆ ಇಬ್ಬರೂ ಒಂದೇ ನೋಟದಲ್ಲಿ ಕಾಣುವಂತೆ ಕೂರುತ್ತಾರೆ. ಅವನು 'ನನಗೆ ಓಡುವುದೇ ಬೇಡವಾಗಿದೆ' ಎಂದರೆ ಅವರು 'ನನಗೆ ಓಡುವುದೇ ಬೇಡವಾಗಿದೆ' ಎಂದೇ ಹೇಳುತ್ತಾರೆ, 'ಅವನಿಗೆ ಸ್ವಲ್ಪ ಬೇಸರವಂತೆ' ಎನ್ನುವುದಿಲ್ಲ.

ಮನೆಯ ಸನ್ನೆ ಮಾತ್ರ ಗೊತ್ತಿರುವವರಿಗೆ ಇನ್ನೂ ಒಬ್ಬರು ಬೇಕಾಗುತ್ತದೆ: ಸನ್ನೆ ಭಾಷೆಯಲ್ಲಿ ನುರಿತ, ಸ್ವತಃ ಕಿವುಡರಾದ ಹಿರಿಯರೊಬ್ಬರು. ಅವರು ಚಿತ್ರ ಬರೆದು, ಅಭಿನಯಿಸಿ, ಅವನ ಸನ್ನೆಗಳನ್ನು ಹಿಡಿದು ದುಭಾಷಿಗೆ ತಲುಪಿಸುತ್ತಾರೆ. ಹತ್ತಿರದ ಕಿವುಡರ ಶಾಲೆಯಲ್ಲಿ ಅಥವಾ ಕಿವುಡರ ಸಂಘದಲ್ಲಿ ವಿಚಾರಿಸಿ. ಇದರ ಇನ್ನೊಂದು ಲಾಭವೆಂದರೆ, ನೌಕರಿ, ಸಂಸಾರ ಎಲ್ಲ ಇರುವ ಒಬ್ಬ ಕಿವುಡ ಹಿರಿಯನನ್ನು ಅವನು ಬಹುಶಃ ಮೊದಲ ಸಲ ಹತ್ತಿರದಿಂದ ನೋಡುತ್ತಾನೆ. ಗಾಯಗೊಂಡ ಕ್ರೀಡಾಪಟುವಿಗೆ ಓಟ ಹೋಯಿತೆಂಬ ದುಃಖ ಒಂದಾದರೆ, ಕಿವುಡ ಓಟಗಾರನಿಗೆ ತನ್ನ ಭಾಷೆ ಬಲ್ಲ ಗೆಳೆಯರಿದ್ದ ಶಿಬಿರವೂ ಕೈತಪ್ಪುತ್ತದೆ. ಓಡದಿದ್ದರೂ ಅವನನ್ನು ಆ ಗೆಳೆಯರ ನಡುವೆ ಕಳುಹಿಸಿ. ಸಮಯ ಬರೆಯಲಿ, ವಿಡಿಯೊ ತೆಗೆಯಲಿ. ದಿನಾ ರಾತ್ರಿ ವಿಡಿಯೊ ಕರೆಯಲ್ಲಿ ಅವರೊಂದಿಗೆ ಹರಟಲಿ.

ಒಂದು ವಿಷಯದಲ್ಲಿ ತಡ ಮಾಡಬೇಡಿ. ಕಿವುಡರ ಮನಸ್ಸು ಕುಸಿದಾಗ ಅವರ ಸನ್ನೆಗಳು ಚಿಕ್ಕದಾಗುತ್ತವೆ, ಕೈ ಮಡಿಲಿನಲ್ಲೇ ಅಲುಗುತ್ತದೆ. ಎದುರಿನವರು ಹೇಳುತ್ತಿರುವಾಗಲೇ ನೋಟ ತಿರುಗಿಸುತ್ತಾರೆ. ನೋಟ ತಿರುಗಿಸುವುದು ಎಂದರೆ ಅವರ ಮಟ್ಟಿಗೆ ಮಾತು ನಿಲ್ಲಿಸಿದಂತೆ. ಇದರ ಜೊತೆ ಊಟ, ನಿದ್ರೆ ಕೆಟ್ಟಿದ್ದರೆ, ಬದುಕು ಬೇಡ ಎಂಬ ಸೂಚನೆ ಕಂಡರೆ, ಕ್ರೀಡಾ ಸಲಹೆಗಾರರನ್ನು ಕಾಯದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ತಮ್ಮನಿಗೆ ಅದು ಕೇಳಿಸುವುದಿಲ್ಲ. ನೀವು ಕರೆ ಮಾಡಿ, ಏನು ಮಾಡಬೇಕೆಂದು ಕೇಳಿ. ಅವನನ್ನು ಒಂಟಿಯಾಗಿ ಬಿಡಬೇಡಿ.

ಪ್ರಶ್ನೆ: ನಾನು ಬ್ಯಾಡ್ಮಿಂಟನ್ ಆಡುತ್ತೇನೆ. ಶ್ರವಣಯಂತ್ರ ಹಾಕಿಕೊಂಡು, ತುಟಿ ನೋಡಿಕೊಂಡು ಸಾಮಾನ್ಯ ಶಾಲೆಯಲ್ಲೇ ಓದಿದವನು. ಕಿವುಡರ ಶಿಬಿರಕ್ಕೆ ಆಯ್ಕೆಯಾದೆ. ಅಲ್ಲಿ ಯಂತ್ರ ತೆಗೆಯಬೇಕು ಎಂದರು. ತೆಗೆದರೆ ಕಾಲ ಕೆಳಗಿನ ನೆಲವೇ ಸರಿದಂತಾಗುತ್ತದೆ. ಎಲ್ಲರೂ ಸನ್ನೆಯಲ್ಲಿ ನಗುತ್ತಾ ಮಾತಾಡುತ್ತಾರೆ, ನನಗೆ ಒಂದೂ ತಿಳಿಯುವುದಿಲ್ಲ. ಕೇಳುವವರ ನಡುವೆಯೂ ಅಲ್ಲ, ಕಿವುಡರ ನಡುವೆಯೂ ಅಲ್ಲ ಎನಿಸುತ್ತದೆ.
— ಆಟಗಾರ, ಜಮಖಂಡಿ

ಉತ್ತರ: ತಮ್ಮ, ಇಷ್ಟು ನೇರವಾಗಿ ಬರೆದದ್ದು ಒಳ್ಳೆಯದಾಯಿತು. ನಿನ್ನಂಥವರು ಪ್ರತಿ ಶಿಬಿರದಲ್ಲೂ ಇರುತ್ತಾರೆ, ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕೂತಿರುತ್ತಾರೆ.

ನಿಯಮ ಹಾಗೆಯೇ ಇದೆ. ಡೆಫ್ಲಿಂಪಿಕ್ಸ್‌ನಲ್ಲಿ ಶ್ರವಣಯಂತ್ರವಾಗಲಿ, ಕಾಕ್ಲಿಯರ್ ಇಂಪ್ಲಾಂಟ್‌ನ (ಶಸ್ತ್ರಚಿಕಿತ್ಸೆಯಿಂದ ಒಳಕಿವಿಯಲ್ಲಿ ಕೂರಿಸುವ ಶ್ರವಣ ಸಾಧನ) ಹೊರಭಾಗವಾಗಲಿ ಧರಿಸಿ ಸ್ಪರ್ಧಿಸುವಂತಿಲ್ಲ. ಎಲ್ಲರಿಗೂ ಒಂದೇ ನೆಲೆ ಇರಲಿ ಎಂಬ ಉದ್ದೇಶ. ನೀನು ರಾಕೆಟ್ಟಿಗೆ ಷಟಲ್ ತಾಗಿದ ಸದ್ದಿನಿಂದ ಎದುರಾಳಿ ಹೊಡೆದ ಬಲವನ್ನು ಅಂದಾಜು ಮಾಡುತ್ತಿದ್ದೆ. ಆ ಅಂದಾಜನ್ನು ಈಗ ಕಣ್ಣಿಗೆ ಕಲಿಸಬೇಕು, ಅದು ಒಂದು ವಾರದಲ್ಲಿ ಬರುವುದಿಲ್ಲ. ಮನೆಯಲ್ಲೇ ಆರಂಭಿಸು. ಮೊದಲು ಮೈ ಬಿಸಿ ಮಾಡಿಕೊಳ್ಳುವಾಗ ಮಾತ್ರ ಯಂತ್ರ ತೆಗೆ. ಆಮೇಲೆ ಕಾಲಿನ ಚಲನೆಯ ಅಭ್ಯಾಸದಲ್ಲಿ. ಅದು ಹಗುರವೆನಿಸಿದ ಮೇಲೆ ಒಂದು ಗೇಮ್, ಕೊನೆಗೆ ಇಡೀ ಪಂದ್ಯ. ಎದುರಾಳಿಯ ಮಣಿಕಟ್ಟು ಮತ್ತು ಭುಜವನ್ನು ನೋಡು. ಡಬಲ್ಸ್‌ನಲ್ಲಿ ಜೊತೆಗಾರನೊಂದಿಗೆ ಸರ್ವಿಸ್‌ಗೆ ಮುಂಚೆ ಬೆನ್ನ ಹಿಂದೆ ಬೆರಳಿನಲ್ಲಿ ಸೂಚನೆ ಮಾಡುವ ಪದ್ಧತಿ ಕೇಳುವವರಲ್ಲೂ ಇದೆ, ಅದನ್ನು ಇನ್ನಷ್ಟು ಬೆಳೆಸಿಕೊಳ್ಳಿ. ಯಂತ್ರ ತೆಗೆದಾಗ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಜೋರಾಗುತ್ತಿದ್ದರೆ, ತಲೆ ತಿರುಗಿದಂತಾದರೆ, ಅದು ಅಂಜಿಕೆ ಎಂದು ನುಂಗಿಕೊಳ್ಳಬೇಡ. ಕಿವಿಯ ತಜ್ಞರಿಗೆ ತೋರಿಸು.

ದಿನವಿಡೀ ತುಟಿ ನೋಡಿಕೊಂಡು ಬದುಕುವುದು ಎಷ್ಟು ದಣಿಸುತ್ತದೆ ಎಂಬುದನ್ನು ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ತರಹ ಕಾಣುತ್ತವೆ. ಕ, ಗ, ಹ ಕಾಣುವುದೇ ಇಲ್ಲ. ಉಳಿದದ್ದನ್ನೆಲ್ಲ ನಿನ್ನ ಮೆದುಳು ಊಹಿಸಿ ತುಂಬುತ್ತಿದೆ. ಕೋಚ್ ಜೊತೆ ಉದ್ದದ ಸಭೆ ಇದ್ದ ದಿನ ಸಂಜೆಯ ಆಟ ಕೆಡುತ್ತಿದೆಯೇ ಎಂದು ಒಂದು ವಹಿಯಲ್ಲಿ ಬರೆದು ನೋಡು. ಕೆಡುತ್ತಿದ್ದರೆ ಸಭೆಯ ಮುಖ್ಯ ಅಂಶಗಳನ್ನು ಬರೆದು ಕೊಡಲು ಕೇಳು. ಸಭೆ ಮುಗಿದ ಕೂಡಲೇ ಯಾರ ಮುಖವನ್ನೂ ನೋಡದೆ ಸ್ವಲ್ಪ ಹೊತ್ತು ಕಣ್ಣಿಗೆ ಬಿಡುವು ಕೊಡು.

ಇನ್ನು ಶಿಬಿರದ ಒಂಟಿತನ. ಸನ್ನೆ ಭಾಷೆ ಕಲಿ. ಕಲಿತರೆ ಮಾತು ಹೋಗುತ್ತದೆ ಎಂದು ಚಿಕ್ಕಂದಿನಲ್ಲಿ ನಿನ್ನ ಮನೆಯವರಿಗೆ ಯಾರೋ ಹೆದರಿಸಿರಬಹುದು. ಹಾಗಾಗುವುದಿಲ್ಲ, ನಾನು ಎರಡರಲ್ಲೂ ಬದುಕುತ್ತಿದ್ದೇನೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 10,000 ಪದಗಳ ನಿಘಂಟನ್ನು ವಿಡಿಯೊ ರೂಪದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ, ಹಣ ಕೊಡಬೇಕಾಗಿಲ್ಲ. ಆದರೆ ವಿಡಿಯೊ ನೋಡಿ ಪದ ಬರುತ್ತದೆ, ಹರಟೆ ಬರುವುದಿಲ್ಲ. ಹರಟೆಗೆ ಮನುಷ್ಯರು ಬೇಕು. ಮುಂದಿನ ಶಿಬಿರದ ಮೊದಲ ದಿನವೇ ಒಬ್ಬನನ್ನು ಆರಿಸಿಕೊಂಡು, ನನಗೆ ಸನ್ನೆ ಬರುವುದಿಲ್ಲ, ಕಲಿಸುತ್ತೀಯಾ ಎಂದು ಚೀಟಿಯಲ್ಲಿ ಬರೆದು ಕೊಡು. ಕಿವುಡರು ತಮ್ಮ ಭಾಷೆ ಕಲಿಯಲು ಬಂದವರನ್ನು ಹಿಂದೆ ಕಳುಹಿಸಿದ್ದನ್ನು ನಾನು ನೋಡಿಲ್ಲ. ಮೊದಲು ನಿನಗೊಂದು ಸನ್ನೆಯ ಹೆಸರು ಇಡುತ್ತಾರೆ. ಹಲ್ಲು, ಮೀಸೆ, ನಗುವ ರೀತಿ, ಏನು ಕಣ್ಣಿಗೆ ಬಿತ್ತೋ ಅದರ ಮೇಲೆ. ಯಾವ ಹೆಸರು ಇಟ್ಟರೆಂದು ನನಗೆ ಬರೆದು ತಿಳಿಸು.